ಅತ್ತಿಗಮ್ಮ ಮತ್ತು ಸೋರೆಬೀಜ

ಗಲಗಲ, ಗಲಗಲ. ಅಟ್ಟದ ತೊಲೆಗೆ ಕಟ್ಟಿದ್ದ ಒಣ ಸೋರೆಬುರುಡೆ ಗಾಳಿಗೆ ಅಲ್ಲಾಡಿದಾಗಲೆಲ್ಲ ಒಳಗಿನ ಬೀಜ ಹಾಗೆ ಸದ್ದು ಮಾಡುತ್ತಿತ್ತು. ಅದನ್ನು ತೂಗುಹಾಕಿದವರು ನನ್ನ ಗಂಡ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷವಾಗಿತ್ತು. ಬುರುಡೆ ಒಣಗುವಷ್ಟರಲ್ಲಿ ಅವರೇ ಇರಲಿಲ್ಲ.

ಚಾಮರಾಜನಗರದ ನಮ್ಮ ಹಿತ್ತಲಲ್ಲಿ ಆ ಬೀಜ ಊರಲು ನಾನು ಗುದ್ದಲಿ ಹಿಡಿದ ದಿನ, ಗುಂಡ್ಲುಪೇಟೆಯಿಂದ ಬಂದು ನನ್ನ ಜೊತೆಗಿದ್ದ ಗಂಡನ ಅಕ್ಕ ಬಾಗಿಲಿಗೆ ಅಡ್ಡ ನಿಂತರು. ಬಳ್ಳಿ ತರಕಾರಿಯ ಮೊದಲ ಬೀಜವನ್ನು ಮುತ್ತೈದೆಯೇ ಊರಬೇಕೆಂಬುದು ಅವರ ಮನೆತನದ ಪದ್ಧತಿ.

"ನೀ ಮುಟ್ಬ್ಯಾಡ ಕಣಮ್ಮಿ. ಪಕ್ಕದ್ಮನೆ ಸೊಸೆ ಕೈಲಿ ಹಾಕ್ಸನ. ನೀ ಹಾಕುದ್ರೆ ಉಟ್ಟಾಕಿಲ್ಲ."

"ಅತ್ತಿಗಮ್ಮ, ಬೀಜಕ್ಕೆ ನನ್ನ ಹಣೆ ಕಾಣಿಸಲ್ಲ."

"ಕಾನ್ವೆಂಟ್ ಬಾಯಿ ನೋಡು!"

ಹೌದು, ಕಾನ್ವೆಂಟ್ ಬಾಯಿಯೇ. ನಮಗೆ ಬಾಟನಿ ಕಲಿಸಿದ ಸಿಸ್ಟರ್ ನೆನೆದ ಅವರೆಕಾಳನ್ನು ಉಗುರಿನಿಂದ ಎರಡಾಗಿ ಬಿಡಿಸಿ, ಒಳಗೆ ಮುದುಡಿ ಮಲಗಿದ್ದ ಎಂಬ್ರಿಯೋ ತೋರಿಸಿದ್ದರು. "ನಾಟ್ ಡೆಡ್, ಗರ್ಲ್ಸ್. ಓನ್ಲಿ ವೇಟಿಂಗ್." ಅದು ಕಾಯುವುದು ನೀರಿಗೆ, ಗಾಳಿಗೆ, ಮಣ್ಣಿನ ಬಿಸುಪಿಗೆ. ನೀರು ಕುಡಿದು ಉಬ್ಬಿದ ಬೀಜ ತನ್ನಲ್ಲಿ ಕೂಡಿಟ್ಟ ಆಹಾರವನ್ನೇ ಕರಗಿಸಿಕೊಂಡು ಬೆಳೆಯುತ್ತದೆ. ಸಿಸ್ಟರ್ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ. ಮುತ್ತೈದೆಯ ಕೈ ಅದರಲ್ಲಿರಲಿಲ್ಲ.

ಬೀಜ ನೆನೆಸಿ, ಮೊನೆ ಕೆಳಗಾಗುವಂತೆ ಊರಿದೆ. ಚಳಿಗಾಲ, ಮಣ್ಣು ತಣ್ಣಗಿತ್ತು. ದಿನಗಳು ಹೋದವು, ಪಾತಿ ಬರಿದಾಗಿಯೇ ಇತ್ತು. ಅತ್ತಿಗಮ್ಮ ಬೆಳಗ್ಗೆ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು ನಿಲ್ಲುತ್ತಿದ್ದರು.

"ಏನಮ್ಮಿ, ನಿನ್ ಬಾಟ್ನಿ ಇನ್ನೂ ಎದ್ದಿಲ್ವಾ?"

ಅದು ಹುಟ್ಟದೇ ಹೋದರೆ ನಾಳೆ ಮದುವೆಮನೆಯಲ್ಲಿ, ತೊಟ್ಟಿಲ ಹತ್ತಿರ, ಎಲ್ಲೆಲ್ಲೂ ನನ್ನ ಕೈಯನ್ನು ಹಿಂದಕ್ಕೆ ಸರಿಸುತ್ತಾರೆಂದು ಗೊತ್ತಿತ್ತು. ಊರಿದ ಬೀಜ ಕೆದಕಬಾರದು ಅನ್ನುತ್ತಾರೆ. ನಾನು ಅವರೆದುರೇ ಕುಕ್ಕರುಗಾಲಲ್ಲಿ ಕೂತು ಬೆರಳಿಂದ ಮಣ್ಣು ಸರಿಸಿದೆ. ಸಿಪ್ಪೆಯ ಮೊನೆ ಬಿರಿದು, ಬಿಳಿ ಬೇರೊಂದು ನೆಟ್ಟಗೆ ಕೆಳಗಿಳಿದಿತ್ತು.

"ನೋಡಿ. ಮೊದಲು ಬೇರು. ನೀವು ಮೇಲೆ ನೋಡ್ತಾ ನಿಂತಿದ್ರಿ, ಇದು ಕೆಳಗೆ ಕೆಲಸ ಮಾಡ್ತಿತ್ತು."

ಅವರು ಬಾಗಿ ನೋಡಿದರು.

"ಮುಚ್ಚಮ್ಮಿ, ಚಳಿ ಆಯ್ತದೆ ಅದ್ಕೆ."

ಬೆನ್ನು ಬಾಗಿಸಿಕೊಂಡು ಮಣ್ಣು ಒಡೆದ ಕಾಂಡ ನೆಟ್ಟಗಾಗಿ ಎರಡು ದಪ್ಪ ಕಾಟಿಲಿಡನ್, ಅಂದರೆ ಬೀಜದೆಲೆ, ಬಿಚ್ಚುವ ಹೊತ್ತಿಗೆ ಅವರು ಊರಿಗೆ ಹೋಗಿಯಾಗಿತ್ತು. ಮೊದಲ ಸೋರೆಕಾಯನ್ನು ಗುಂಡ್ಲುಪೇಟೆಗೆ ಕಳಿಸಿದೆ, ಬೇಕೆಂದೇ.

ಕೆಲವು ವರ್ಷಗಳ ಮೇಲೆ ಅವರ ಯಜಮಾನರೂ ತೀರಿಕೊಂಡರು. ನೋಡಲು ಹೋದವಳು ಆ ವರ್ಷದ ಒಣ ಬುರುಡೆಯೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ವಾಪಸು ಹೊರಟಾಗ ಬಸ್ ಹತ್ತಿಸಲು ಅವರೇ ಸ್ಟ್ಯಾಂಡಿನವರೆಗೆ ಬಂದರು.

"ನಮ್ ಸೊಸೆ ಬೀಜ ಮುಟ್ಟಕ್ಕೆ ಬುಡಲ್ಲ ಕಣಮ್ಮಿ," ಎಂದರು, ನನ್ನ ಮುಖ ನೋಡದೆ.

ಬುರುಡೆ ತೆಗೆದು ಕೈಗಿತ್ತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಮೊನೆ ಕೆಳಿಕ್ಕೆ ತಾನೆ?"

"ಹೂಂ, ಮೊನೆ ಕೆಳಗೆ."

ಹಳೆಯ ಮಾತಿಗೆ ಅವರು ಸಾರಿ ಕೇಳಲಿಲ್ಲ, ನಾನೂ ಅದಕ್ಕಾಗಿ ಕಾಯಲಿಲ್ಲ. ಬಸ್ ಹೊರಟಿತು. ಕಿಟಕಿಯಿಂದ ಅವರನ್ನು ಕಂಡದ್ದೇ ಕೊನೆ: ಬುರುಡೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಮಗುವಿನ ಹಾಗೆ ಸೊಂಟದ ಮೇಲಿಟ್ಟುಕೊಂಡು, ಜನರ ನಡುವೆಯೇ ಮನೆಯ ಕಡೆ ನಡೆಯುತ್ತಿದ್ದರು.