ಮೂರನೇ ಕೋಲು

ನಮ್ಮ ದೇವಸಮುದ್ರದ ಕಡೆ ಗುಡ್ಡಗಳು ಮೋಸ ಮಾಡ್ತವೆ. ಜಾಲಿಯೊಳಗೆ ಸಿಕ್ಕಿಬಿದ್ದ ಕುರಿ ಇಲ್ಲಿ ಅರಚಿದರೆ, ಕೂಗು ಬಂಡೆಗೆ ಬಡಿದು ಇನ್ನೊಂದು ಕಡೆಯಿಂದ ಬಂದಂಗೆ ಕೇಳ್ತೈತೆ. ಅದಕ್ಕೇ ಕುರಿ ತಪ್ಪಿಸಿಕೊಂಡರೆ ನಾವು ಒಬ್ಬರ ಕಿವಿ ನಂಬುತ್ತಿರಲಿಲ್ಲ. ಮೂರು ಜನ ದೂರ ದೂರ ನಿಂತು, ಕೂಗು ಬಂದ ದಿಕ್ಕಿಗೆ ನೆಲದ ಮೇಲೆ ಕೋಲು ಇಡಬೇಕು. ಮೂರೂ ಕೋಲಿನ ನೇರ ಎಲ್ಲಿ ಕೂಡುತ್ತೋ ಕುರಿ ಅಲ್ಲಿ. ಎರಡೇ ಕೋಲು ನೋಡಿ ಹೋಗಬಾರದು. ಎರಡು ಗೆರೆ ಎಲ್ಲಾದರೂ ಒಂದು ಕಡೆ ಕೂಡೇ ಕೂಡ್ತವೆ, ಸುಳ್ಳಿದ್ದರೂ.

ಇದನ್ನ ನನ್ನ ಮಗ ಅವರಪ್ಪನಿಂದ ಕಲಿತ. ಆಮೇಲೆ ಮಿಲಿಟರಿಗೆ ಸೇರಿದ. ಟೀವಿಯಲ್ಲಿ ಹಿಮದ ಬೆಟ್ಟದ ಯುದ್ಧ ತೋರಿಸಿದ ವರ್ಷ, ಗಲಾಟೆ ತಣ್ಣಗಾದ ಮೇಲೆ ರಜಕ್ಕೆ ಬಂದ. ನಾನು ಮುದ್ದೆ ಕಟ್ಟುತ್ತಿದ್ದೆ. ಒಲೆ ಮುಂದೆ ಕುಂತು ಬೂದಿಯಲ್ಲಿ ಕಡ್ಡಿ ಆಡಿಸಿದ.

"ಇಲ್ಲೊಂದು ಕಿವಿ ಅವ್ವ, ಇಲ್ಲೊಂದು, ಇಲ್ಲೊಂದು. ಯಂತ್ರದ ಕಿವಿ. ಆ ಕಡೆಯೋರು ಫಿರಂಗಿ ಹಾರಿಸಿದ್ರೆ ಮೂರೂ ಕೇಳಿಸ್ಕಂತವೆ. ವೈರಿನಾಗೆ ನನ್ನ ಡೇರೆಗೆ ಬರ್ತೈತೆ. ನಾನು ನಕ್ಷೆ ಮ್ಯಾಲೆ ಗೆರೆ ಎಳೀತೀನಿ. ಕೂಡಿದ ಜಾಗ ಹೇಳ್ತೀನಿ, ನಮ್ಮ ಫಿರಂಗಿ ಅಲ್ಲಿಗೆ ಹೊಡೀತವೆ."

ಬಾಗಿಲಲ್ಲಿ ಕುಂತಿದ್ದ ನನ್ನ ಮೈದುನ ಹಲ್ಲು ಕಿಸಿದ. "ಬಂದೂಕು ಹಿಡಿಯೋಕೆ ಕಳಿಸಿದ್ರೆ ಗೆರೆ ಎಳಕಂಡು ಕುಂತೀಯೇನಲೇ? ನಮ್ಮ ಹಟ್ಟ್ಯಾಗೆ ಕುರಿ ಹುಡುಕೋರೆಲ್ಲ ಇದೇ ಮಾಡ್ತಾರೆ. ನಮಗ್ಯಾಕೆ ಯಾರೂ ಮಿಲಿಟರಿ ಟೋಪಿ ಹಾಕಲಿಲ್ಲ?"

"ನಿನ್ನ ತಲೆಗೆ ಆಗೋ ಟೋಪಿ ಇರಲಿಲ್ಲ ಬಿಡು ಚಿಕ್ಕಪ್ಪ" ಅಂದ ಮಗ. ಆದರೆ ನಗಲಿಲ್ಲ.

ಮೈದುನ ಎದ್ದು ಹೋದ ಮೇಲೆ ಮಗ ದನಿ ಇಳಿಸಿದ.

"ಒಂದಿನ ಮೂರನೇ ವೈರು ಕಿತ್ತುಹೋಗಿತ್ತು ಅವ್ವ. ನಮ್ಮೋರ ಮ್ಯಾಲೆ ಗುಂಡು ಬೀಳ್ತಾನೇ ಇದ್ವು. ಎರಡು ಗೆರೆ ನೋಡಿ ಜಾಗ ಹೇಳಿಬಿಟ್ಟೆ."

"ಎರಡಕ್ಕೇ?"

"ಎರಡಕ್ಕೇ."

ಮಾರನೇ ದಿನ ಅವನು ಮೇಲಿನ ಠಾಣೆಗೆ ಹತ್ತಿ ದುರ್ಬೀನಿನಲ್ಲಿ ನೋಡಿದನಂತೆ. ಅಲ್ಲಿ ಫಿರಂಗಿ ಇರಲಿಲ್ಲ. ಒಂದು ಕುರಿ ಹಿಂಡು ಇತ್ತು.

"ಗುಂಡು ಬಿದ್ದಾಗ ಚೆದುರಿದ್ವಂತೆ. ನಾನು ನೋಡೋವಷ್ಟೊತ್ತಿಗೆ ವಾಪಸ್ ಬಂದು ಒಂದೇ ಕಡೆ ಗುಂಪಾಗಿ ನಿಂತಿದ್ವು. ಮೇಯ್ತಿರಲಿಲ್ಲ. ಗಡಿ ಆಚೆ, ಹೋಗಿ ನೋಡಂಗಿಲ್ಲ. ಅಲ್ಲಿ ಯಾರೂ ಇರಲಿಲ್ಲ ಬಿಡು ಅಂತ ಸಾಹೇಬ್ರು ಅಂದ್ರು. ಅಲ್ಲಿ ಮನುಷ್ಯ ಇದ್ನಾ? ನೀನು ಹೇಳವ್ವ."

ಅವನು ಏನು ಕೇಳ್ತಾ ಇದ್ದಾನೆ ಅಂತ ನನಗೆ ಗೊತ್ತಿತ್ತು. ಅವರಪ್ಪ ಹಾವು ಕಚ್ಚಿ ಕುರಿ ಮೇಯಿಸೋ ಕಾವಲಿನಲ್ಲಿ ಬಿದ್ದ ದಿನ ನಾವು ಎಷ್ಟು ಕೂಗಿದರೂ ಮರುಕೂಗು ಬರಲಿಲ್ಲ. ಕೂಗೇ ಇಲ್ಲದ ಮೇಲೆ ಕೋಲು ಯಾವ ದಿಕ್ಕಿಗೆ ಇಡೋದು? ಕೊನೆಗೆ ಕುರಿ ಕಂಡವು. ಉರಿ ಬಿಸಿಲು, ಪಕ್ಕದಲ್ಲೇ ಮರದ ನೆರಳು. ನೆರಳಿಗೆ ಹೋಗದೆ, ಬಾಯಿ ಹುಲ್ಲಿಗೆ ಹಾಕದೆ, ಒಂದೇ ಕಡೆ ತಲೆ ತಗ್ಗಿಸಿ ನಿಂತಿದ್ದವು. ಅವುಗಳನ್ನ ಸರಿಸಿ ಒಳಗೆ ಹೋಗಿ ಅಪ್ಪನ ಮುಖ ನೋಡಿದವನು ಇದೇ ಮಗ.

ಇಲ್ಲ ಅನ್ನಬಹುದಿತ್ತು. ವಾರ ಕಳೆದರೆ ಅದೇ ಡೇರೆಗೆ ವಾಪಸ್ ಹೋಗೋನು. ಮನಸ್ಸು ಕೆಟ್ಟರೆ ಅಲ್ಲಿ ಜೀವಕ್ಕೆ ಕುತ್ತು ಅಂತಲೂ ಯೋಚನೆ ಬಂತು. ಆದರೆ ಇಲ್ಲ ಅನ್ನೋ ಮಾತು ಅವನಿಗೆ ಸಾಹೇಬರೇ ಕೊಟ್ಟಿದ್ದರು. ಅದು ಸಾಲದೆ ನನ್ನ ಹತ್ತಿರ ಬಂದಿದ್ದ.

"ಇದ್ದ" ಅಂದೆ.

ಕಡ್ಡಿಯಿಂದ ಬೂದಿಯ ಗೆರೆ ಅಳಿಸಿದ. "ಸತ್ತಿದ್ನಾ?"

"ಕುರಿ ನೋಡಿ ಅದನ್ನ ಹೇಳೋಕಾಗಲ್ಲ. ಬಿದ್ದಿದ್ದ, ಅಷ್ಟೆ. ಎದ್ದು ಹೋಗೋ ಹಂಗಿದ್ದಿದ್ರೆ ಅವನ ಹಿಂದೇನೇ ಹೋಗಿರ್ತಿದ್ವು."

ಅವತ್ತು ಉಣ್ಣಲಿಲ್ಲ. ನಾನೂ ಉಣ್ಣು ಅಂತ ಬಲವಂತ ಮಾಡಲಿಲ್ಲ. ಉಳಿದ ದಿನವೆಲ್ಲ ಚಿಕ್ಕಪ್ಪನ ಜೊತೆ ಕುರಿ ಹೊಡಕೊಂಡು ಹೋದ. ಹೊರಡೋ ದಿನ ರಾಂಪುರದಲ್ಲಿ ಬಸ್ಸಿಗೆ ನಿಂತಾಗ ಅಂದ, "ನೀನೂ ಸುಳ್ಳು ಹೇಳ್ತೀಯ ಅನ್ಕಂಡಿದ್ದೆ."

"ಹೇಳಿದ್ರೆ ನಂಬ್ತಿದ್ದಾ?"

"ಇಲ್ಲ."

ಬಸ್ಸು ಬಂತು.

ಮುಂದಿನ ವರ್ಷ ಬಂದಾಗ ಅವನ ಕೆಲಸ ಬದಲಾಗಿತ್ತು. ಮತ್ತೊಂದು ಸಲ ವೈರು ಕಿತ್ತಾಗ, ಮೂರನೇ ಗೆರೆ ಬರೋತನಕ ಜಾಗ ಹೇಳಲ್ಲ ಅಂತ ಕುಂತುಬಿಟ್ಟನಂತೆ. "ನೀನು ಕಾಯೋವಷ್ಟೊತ್ತಿಗೆ ನಮ್ಮೋರು ಸಾಯ್ತಾರೆ ಅಂತ ಬೈದ್ರು. ಅದೂ ಸುಳ್ಳಲ್ಲವ್ವ" ಅಂದ. ಈಗ ಅಲ್ಲೇ ಮಿಲಿಟರಿ ಲಾರಿ ಓಡಿಸ್ತಿದ್ದ.

"ಆ ಡೇರೆಯಾಗೆ ಈಗ ಯಾರು ಕುಂತವ್ರೆ?"

"ಇನ್ನೊಬ್ಬ ಹುಡುಗ. ಪಟ್ಟಣದೋನು. ಲೆಕ್ಕದಾಗೆ ಭಾಳ ಚುರುಕು."

"ಮೂರನೇದಕ್ಕೆ ಕಾಯ್ತಾನಾ?"

ಮಗ ಬೂಟಿನ ದಾರ ಬಿಚ್ಚುತ್ತಾ ಕುಂತ. "ನಾನು ಅವನ್ನ ಕೇಳಲಿಲ್ಲವ್ವ" ಅಂದ.