ನಮ್ಮ ಹೆವಿ ವೇಟ್ ಕಾಕಾ

ನನ್ನ ಬರೆಯುವ ಮೇಜಿನ ಮೇಲೆ ಮೂರು ದಿನದಿಂದ ಒಂದು ಬಹುಮಾನದ ಕಪ್ ಕೂತಿದೆ. ಅದರಿಂದ ಇಂಗಿನ ವಾಸನೆ ಬರುತ್ತಿದೆ. ಬೇಗಂ ಬಜಾರಿನ ಗಟ್ಟಿ ಇಂಗು. ಮುಚ್ಚಳ ತೆಗೆದರೆ ಪಕ್ಕದ ಫ್ಲ್ಯಾಟಿನವರಿಗೂ ಹಸಿವಾಗಬೇಕು, ಅಂಥದ್ದು. ಮೂವತ್ತು ವರ್ಷ ಗಂಗಾ ಕಾಕು ಈ ಕಪ್ಪಿನಲ್ಲಿ ಇಂಗು ಇಟ್ಟಿದ್ದರು. ಮೊನ್ನೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಟ್ಟೆಯ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟು, "ಇದನ್ನ ನೋಡಕೋತ ಬರಿ, ಸುಳ್ಳು ಬರಿಯೂದು ಕಡಿಮಿ ಆಕ್ಕೈತಿ" ಎಂದರು.

ಬರೆಯಬೇಕಾದದ್ದು ಮಾನಪತ್ರ. ಈ ಭಾನುವಾರ ನಮ್ಮ ಕನ್ನಡ ಸಂಘದವರು ಬಸಣ್ಣ ಕಾಕಾಗೆ ಶಾಲು ಹೊದಿಸುತ್ತಾರೆ. ಬಸಣ್ಣ ಕಾಕಾ ಎಂದರೆ ಗಂಗಾ ಕಾಕುವಿನ ಯಜಮಾನರು, ಬಾಲಾನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಜೊತೆಗೆ, ನನ್ನ ಪೆನ್ನು ತಡವರಿಸುವುದು ಇಲ್ಲೇ, ಹೈದರಾಬಾದಿನ ಕಾರ್ಖಾನೆಗಳ ನಡುವೆ ನಡೆದ ಮೊಟ್ಟಮೊದಲ ಬಾಕ್ಸಿಂಗ್ ಸ್ಪರ್ಧೆಯ ಹೆವಿ ವೇಟ್ ಚಾಂಪಿಯನ್.

ಮಾನಪತ್ರಗಳನ್ನು ನೀವೂ ಕೇಳಿದ್ದೀರಿ. ಅವುಗಳಲ್ಲಿ ಯಾರೂ ಸುಮ್ಮನೆ ಹುಟ್ಟುವುದಿಲ್ಲ, ಉದಯಿಸುತ್ತಾರೆ. ಯಾರೂ ನೌಕರಿ ಮಾಡುವುದಿಲ್ಲ, ಸೇವೆ ಸಲ್ಲಿಸುತ್ತಾರೆ. ಸಂಘದ ಕಾರ್ಯದರ್ಶಿಗಳು ಫೋನಿನಲ್ಲಿ, "ಎದುರಾಳಿಯನ್ನು ನೆಲಕ್ಕುರುಳಿಸಿದ ಧೀರ ಅಂತ ಒಂದ್ ಸಾಲು ಹಾಕ್ರಿ, ಚಪ್ಪಾಳೆ ಬೀಳ್ತಾವ" ಎಂದು ಸಲಹೆ ಕೊಟ್ಟಿದ್ದರು. ತೊಂದರೆ ಒಂದೇ. ಎದುರಾಳಿ ಬಂದಿರಲೇ ಇಲ್ಲ.

ನಾನು ಸ್ವಭಾವತಃ ಚಿಂತೆಗಾರ. ಲಿಫ್ಟು ಹತ್ತಿದರೆ ಕರೆಂಟು ಹೋದೀತೆಂದೂ ಮೆಟ್ಟಿಲು ಹತ್ತಿದರೆ ಎದೆ ನಿಂತೀತೆಂದೂ ಹೆದರಿ, ಈ ಗಚ್ಚಿಬೌಲಿಯ ಮುಗಿಲುದ್ದದ ಕಟ್ಟಡದಲ್ಲಿ ಹುಡುಕಿ ಹುಡುಕಿ ಮೊದಲನೆಯ ಮಹಡಿಯ ಮನೆ ಹಿಡಿದವನು. ಕಾಕಾ ನನ್ನನ್ನು ಕರೆಯುವುದೇ 'ಚಿಂತಿ ಸಾಹೇಬ' ಎಂದು. ಆದರೆ ಈ ಸಲದ ಚಿಂತೆಗೆ ಕಾರಣವಿತ್ತು. ಕಾಕಾನ ಹೆಸರು ಹಿಡಿದು ಒಮ್ಮೆ ಕಾರ್ಖಾನೆಯ ಇಡೀ ಕಾಲೋನಿಯನ್ನು ನಗಿಸಿದವನು ನಾನೇ. ಈಗ ನಾನು ಬರೆದದ್ದನ್ನು ಕೇಳಿ ಜನ ಎರಡನೆಯ ಸಲ ನಗಬಾರದು.

ಆ ಸ್ಪರ್ಧೆ ನಡೆದಾಗ ನನಗೆ ಇಪ್ಪತ್ತು ವರ್ಷ. ಅದೇ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದೆ. ಅಷ್ಟು ತೂಕದ ಮನುಷ್ಯ ನಮ್ಮಲ್ಲಿ ಇನ್ನೊಬ್ಬರಿಲ್ಲವೆಂದು ಕಾಕಾನ ಹೆಸರು ಕೊಟ್ಟರು. ಇನ್ನೊಂದು ಕಾರ್ಖಾನೆಯಿಂದ ಬರಬೇಕಾದವನು ಬರಲಿಲ್ಲ. ರೆಫರಿ ಗಡಿಯಾರ ನೋಡಿ, ನಿಯಮದಷ್ಟು ಹೊತ್ತು ಕಾದು, ಕಾಕಾನ ಕೈ ಎತ್ತಿದ. ಕಪ್ ಕೊಟ್ಟರು. ನಾವೆಲ್ಲ ಊಟಕ್ಕೆ ಹೋದೆವು. ಮರುವರ್ಷದ ಚಾಂಪಿಯನ್ ಮೂವರನ್ನು ಮಲಗಿಸಿ ಕ್ಯಾಂಟೀನಿನ ಗೋಡೆಯ ಮೇಲೆ ಫೋಟೋ ಆದ. ಮೊದಲನೆಯವರನ್ನು ಎಲ್ಲರೂ ಮರೆತರು. ನೆನಪಿಸುವ ಕೆಲಸವನ್ನು ಕಾಕಾ ತಾವೂ ಮಾಡಲಿಲ್ಲ. ಯಾರಾದರೂ 'ಏನ್ ಚಾಂಪಿಯನ್ನರ' ಎಂದರೆ, "ಯಾರೂ ಬಂದಿದ್ದಿಲ್ಲರಿ, ಅದಕ್ಕ ಕೊಟ್ರು" ಎಂದು ಕ್ಷಮೆ ಕೇಳುವವರಂತೆ ಹೇಳುತ್ತಿದ್ದರು. ಸಾಲದ್ದಕ್ಕೆ ಅವರ ಮೂಗು ಎಡಕ್ಕೆ ತಿರುಗಿತ್ತು. ಆ ಸ್ಪರ್ಧೆಯ ದಿನವೇ ಬಚ್ಚಲಲ್ಲಿ ಜಾರಿ ಬಿದ್ದದ್ದಂತೆ. ಗಾಳಿಯನ್ನು ಗೆದ್ದು ಬಚ್ಚಲಿಗೆ ಸೋತ ಬಾಕ್ಸರ್ ಎಂದು ಕಾಲೋನಿ ನಕ್ಕಿತು.

ಆಗಲೇ ನಳದ ಹತ್ತಿರ ಹೆಂಗಸರು ಗಂಗಾ ಕಾಕುವನ್ನು ಕೇಳಿದ್ದು: "ಹೆವಿ ವೇಟ್ ಅಂದ್ರ ಏನ್ರಿ?"

ಕಾಕು ಕೊಡ ಎತ್ತಿಕೊಳ್ಳುತ್ತ, "ಭಾಳ ಹೊತ್ತು ಕಾಯೂದು. ನಮ್ಮವರು ಎಲ್ಲಾರಕಿಂತ ಹೆಚ್ಚು ಕಾದಾರ" ಎಂದರು.

ಈ ಮಾತು ನನ್ನ ಕಿವಿಗೆ ಬಿತ್ತು. ಇಂಗ್ಲೀಷು ಬಲ್ಲ ಇಪ್ಪತ್ತರ ಹರೆಯಕ್ಕೆ ಇನ್ನೇನು ಬೇಕು? ಆ ಸಲದ ಗಣೇಶ ಹಬ್ಬಕ್ಕೆ ಒಂದು ನಗೆನಾಟಕ ಕಟ್ಟಿದೆ. ಎರಡೂ ಕೈಗೆ ಟವೆಲ್ ಸುತ್ತಿಕೊಂಡು, ಮುಂದೆ ಅಲಾರಾಂ ಗಡಿಯಾರ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ. "ಏನ್ ಮಾಡಾಕತ್ತೀರಿ ಕಾಕಾ?" ಎಂದು ಗೆಳೆಯ ಕೇಳಿದ. "ಹೆವಿ ವೇಟ್ ಮಾಡಾಕತ್ತೀನಿ" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವರು ಕಾಕಾ. ಪಕ್ಕದಲ್ಲಿ ಕಾಕು ಮಾತ್ರ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಂದಿನಿಂದ ಅವರು 'ವೇಟಿಂಗ್ ಕಾಕಾ'. ಸೀಮೆಎಣ್ಣೆಯ ಸಾಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ಕಂಡರೂ ಅದೇ ಹೆಸರು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ನೆನಪಾದೀತಲ್ಲ ಎಂಬ ಚಿಂತೆ.

ಮೊನ್ನೆ ಕರಡು ಓದಿ ತೋರಿಸಲು ಅವರ ಮನೆಗೆ ಹೋದೆ. ಕಾಕಾ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಸುಳ್ಳೂ ಅಲ್ಲದ ನಿಜವೂ ಅಲ್ಲದ ಒಂದು ಸಾಲನ್ನು ನಾನು ಕಷ್ಟಪಟ್ಟು ಹೊಸೆದಿದ್ದೆ: 'ಎದುರಾಳಿಯೇ ಹೆದರಿ ಹಿಂದೆ ಸರಿದಂತಹ ವೀರರು.'

ಕಾಕಾನ ಕೈ ನಿಂತಿತು. "ಹೆದರಿ? ಅಂವಾ ಹೆದರೂ ಮನಿಶ್ಯಾ ಅಲ್ಲೋ ತಮ್ಮಾ."

"ಅಂವಾ ಅಂದ್ರ ಯಾರ್ರಿ? ಯಾರೂ ಬಂದಿದ್ದಿಲ್ಲ ಅಂತಿದ್ರಿ?"

ಕಾಕಾ ಶೇಂಗಾದ ಸಿಪ್ಪೆಯಲ್ಲಿ ಏನನ್ನೋ ಹುಡುಕತೊಡಗಿದರು. ಒಳಗಿನಿಂದ ಕಾಕು, "ಇನ್ನರ ಹೇಳ್ರಿ. ಮೂವತ್ತು ವರ್ಷ ಆತು" ಎಂದರು.

ಹೇಳಿದ್ದು ಇಷ್ಟು. ನಾವೆಲ್ಲ ಊಟಕ್ಕೆ ಹೋದ ಮೇಲೆ ಕಾಕಾ ರಿಂಗಿನಿಂದ ಇಳಿದಿರಲಿಲ್ಲ. "ಬಸ್ ತಪ್ಪಿರಬೇಕು, ಬರ್ತಾನ" ಎಂದು ಗ್ಲೌಸ್ ಹಾಕಿಕೊಂಡೇ ಕೂತರು. ಗ್ಲೌಸ್ ತೊಟ್ಟ ಕೈಯಲ್ಲಿ ರೊಟ್ಟಿ ಮುರಿಯಲಾಗದು. ಬುತ್ತಿ ತಂದಿದ್ದ ಕಾಕು ಹಗ್ಗದ ಸಂದಿಯಿಂದ ತುತ್ತು ಮಾಡಿ ತಿನ್ನಿಸಿದರು. ನಾಲ್ಕು ಗಂಟೆಯ ಬಿಸಿಲಲ್ಲಿ ಆ ಮನುಷ್ಯ ಓಡಿಕೊಂಡು ಬಂದ. ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ಖಾಲಿ ಮೈದಾನ ನೋಡಿ ಅವನ ಮುಖ ಸಣ್ಣದಾಯಿತು. ಕಾಕಾ ತಮ್ಮ ಬಾಲಾನಗರದ ಹಿಂದಿಯಲ್ಲಿ, "ಆಯೇ ಸೋ ಆಯೇ, ಖೇಲ್ ಕೇ ಜಾವ್" ಎಂದರು. ಬಂದದ್ದಂತೂ ಬಂದಿದ್ದೀಯ, ಆಡಿಯೇ ಹೋಗು.

ಮೂರು ಸುತ್ತು ಆಡಿದರು. ರೆಫರಿ ಇಲ್ಲ, ಪ್ರೇಕ್ಷಕರಿಲ್ಲ. ಬುತ್ತಿಯ ಡಬ್ಬಿಗೆ ಚಮಚದಿಂದ ಬಡಿದು ಸುತ್ತು ಮುಗಿಸಿದವರು ಕಾಕು.

"ಗೆದ್ದವರು ಯಾರ್ರಿ?" ಎಂದೆ.

ಕಾಕಾ ಮೂಗು ಮುಟ್ಟಿಕೊಂಡರು. "ನಾ ಸೋತೆ. ಭಾಳ ಚಂದ ಸೋತೆ." ಅಷ್ಟು ಖುಷಿಯಿಂದ ಸೋತವರನ್ನು ನಾನು ನೋಡಿಲ್ಲ. "ಕಪ್ ತಗೋಪಾ ಅಂತ ಅವಂಗ ಕೊಟ್ಟೆ. ಒಲ್ಲೆ ಅಂದ. 'ರಖೋ ಭಾಯಿ, ಇತ್ತಾ ಇಂತೆಜಾರ್ ಮೇರಾ ಕೋಯಿ ನೈ ಕರಾ' ಅಂದ."

ನೀನೇ ಇಟ್ಟುಕೋ, ನನಗಾಗಿ ಇಷ್ಟು ಹೊತ್ತು ಯಾರೂ ಕಾದಿಲ್ಲ, ಎಂದು.

"ಮತ್ತ ಯಾಕ ಮುಚ್ಚಿಟ್ರಿ?"

"ಪರ್ಮಿಷನ್ ಇಲ್ಲದ ಹೊಡದಾಡಿದ್ದು ಗೊತ್ತಾದ್ರ ಇಬ್ಬರಿಗೂ ಮೆಮೊ ಕೊಡ್ತಿದ್ರು."

ನಾನು ಕಾಕುವಿನ ಕಡೆ ತಿರುಗಿದೆ. "ಹಂಗಾರ ನೀವು ನಳದ ಮುಂದ..."

"ವೇಟ್ ಅಂದ್ರ ತೂಕ ಅಂತ ನನಗ ಗೊತ್ತಿದ್ದಿಲ್ಲೇನು? ತಿಂಗಳಾ ರೇಷನ್ ತೂಗಿಸಿ ತರಾಕಿ ನಾನs. ಖರೆ ಹೇಳಿದ್ರ ಮೆಮೊ, ಸುಳ್ಳು ಹೇಳಾಕ ಮನಸ್ಸಿಲ್ಲ. ಎಷ್ಟು ಹೇಳಾಕ ಬರತಿತ್ತೋ ಅಷ್ಟು ಹೇಳಿದೆ." ಸೆರಗು ಸರಿಮಾಡಿಕೊಳ್ಳುತ್ತ, "ನೀ ಅದನ್ನ ನಾಟಕಾ ಮಾಡಿದಿ" ಎಂದರು.

"ತಪ್ಪಾತ್ರಿ ಕಾಕು" ಎಂದೆ. ಮೂವತ್ತು ವರ್ಷ ಕಾದಿಟ್ಟ ಮಾತು, ಎರಡು ಸೆಕೆಂಡಿನಲ್ಲಿ ಮುಗಿದುಹೋಯಿತು.

ಕಾಕಾ ನನಗೆ ಒಂದು ಹಿಡಿ ಶೇಂಗಾ ಕೊಟ್ಟರು. "ನಾಟಕ ಛಲೋ ಇತ್ತಲೋ. ಟವೆಲ್ ಒಂದು ತಪ್ಪು ಸುತ್ತಿದ್ದಿ. ಹೆಬ್ಬೆರಳು ಒಳಗಿತ್ತು. ಯಾರಿಗರ ಹೊಡದಿದ್ರ ಮುರೀತಿತ್ತು." ಆಮೇಲೆ ದನಿ ತಗ್ಗಿಸಿ, "ಮೂಗಿಂದು ಮಾತ್ರ ಪತ್ರದಾಗ ಹಾಕಬ್ಯಾಡ. ಪಿಂಚಣಿ ಗಿಂಚಣಿ ತಡದ್ರ?" ಎಂದರು. ನಾನು ಧೈರ್ಯ ಹೇಳಿಯೇನೆಂದು ನನ್ನ ಮುಖ ನೋಡಿದರು. ಇಂಥ ಸಾಧ್ಯತೆಗಳು ನನಗೆ ಎಷ್ಟು ಸುಲಭವಾಗಿ ಹೊಳೆಯುತ್ತವೆಂದರೆ, ನಾನೇ ಬೆವತೆ. ಆದ್ದರಿಂದ ನಿಮಗೆ ಹೇಳಿದ್ದು ನಿಮ್ಮಲ್ಲೇ ಇರಲಿ.

ಈಗ, ಅಂದು ಹೊರಡುವಾಗ ಕಾಕು ಕೊಟ್ಟ ಕಪ್ಪಿನ ಮುಂದೆ ಕೂತು ಕರಡು ಹೊಡೆದುಹಾಕಿದ್ದೇನೆ. ಉದಯಿಸಿದ್ದು ಹೋಯಿತು, ಧೀರ ಹೋದ, ವೀರ ಹೋದ. ಉಳಿದದ್ದು ಒಂದು ಸಾಲು: 'ಇವರು ನಮ್ಮ ಮೊದಲ ಹೆವಿ ವೇಟ್ ಚಾಂಪಿಯನ್.' ಇಂಗ್ಲೀಷಿನಲ್ಲಿ ಬರೆಯಬೇಕಾಗಿದ್ದರೆ ತೂಕವೋ ಕಾಯುವಿಕೆಯೋ ಎಂದು ಒಂದನ್ನು ಆರಿಸಬೇಕಿತ್ತು. ಕನ್ನಡ ಲಿಪಿ ದೊಡ್ಡ ಮನಸ್ಸಿನದು, ಎರಡಕ್ಕೂ ಒಂದೇ ಅಕ್ಷರ. ಸಭೆ ತನಗೆ ತಿಳಿದಂತೆ ಕೇಳಿಕೊಳ್ಳಲಿ. ಮುಂದಿನ ಸಾಲಿನಲ್ಲಿ ಕೂತ ಒಬ್ಬರಿಗೆ ಸರಿಯಾದದ್ದೇ ಕೇಳಿಸುತ್ತದೆ.

ಕಾರ್ಯಕ್ರಮ ಹತ್ತು ಗಂಟೆಗೆ. ಬಾಲಾನಗರದ ಕಡೆಯ ಟ್ರಾಫಿಕ್ಕಿನಲ್ಲಿ ಅವರ ಆಟೋ ಸಿಕ್ಕಿಕೊಳ್ಳಬಹುದು, ಹನ್ನೊಂದಾಗಬಹುದು, ಹನ್ನೆರಡೂ ಆಗಬಹುದು. ಅವರು ಬಂದ ಮೇಲೆಯೇ ಶುರು ಮಾಡೋಣ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. "ಅಲ್ಲೀತನಕ ಏನ್ ಮಾಡೂದ್ರಿ?" ಎಂದರು ಅವರು.

"ಹೆವಿ ವೇಟ್" ಎಂದೆ.