ಕೊಳವೆಯಲ್ಲಿ ನಾನು ತುರುಕಿದ ಪಟ್ಟಿ

ಮೈಬೂಬ ಕಾಕಾ, ತಪ್ಪಿದ್ದು ನಿಮ್ಮ ಕೈಯಲ್ಲ. ರಸ ಕಾಯಿಸುವ ಕೊಳವೆಗಳಲ್ಲಿ ತಗಡಿನ ಪಟ್ಟಿ ತುರುಕಿದ್ದು ನಾನು. ನೀವು ಕೇಳಿದಾಗ ಇಲ್ಲವೆಂದದ್ದೂ ನಾನೇ. ಹನ್ನೊಂದು ವರ್ಷ — ಬಾಯಿ ಬಿಡಲಿಲ್ಲ.

ಇಂಡಿ ಹಾದಿಯ ಆ ಬೆಲ್ಲದ ಪುಡಿ ಕಾರ್ಖಾನೆ ಈಗ ಮುಚ್ಚಿದೆ. ಆಗ ನಾನು ಅಲ್ಲಿ ಹೊಸ ಎಂಜಿನಿಯರ್, ನೀವು ಹಳೆಯ ಫಿಟ್ಟರ್. ಕೊಳವೆಯಲ್ಲಿ ನೆಟ್ಟಗೆ ಹರಿಯುವ ಕಬ್ಬಿನ ರಸ ಗೋಡೆಯ ಬಳಿ ಕಾಯುತ್ತದೆ, ನಡುವಿನದು ಅರೆಬಿಸಿಯಾಗಿಯೇ ಸಾಗಿಬಿಡುತ್ತದೆ. ಒಳಗೆ ತಿರುಚಿದ ಪಟ್ಟಿ ಇಟ್ಟರೆ ರಸ ಸುತ್ತು ಹಾಕುತ್ತ, ಗೋಡೆಗೆ ತಾಗುತ್ತ ಬೇಗ ಕಾಯುತ್ತದೆ — ಕಾಲೇಜಿನಲ್ಲಿ ಓದಿದ್ದೆ, ಪಿತ್ತ ನೆತ್ತಿಗೇರಿತ್ತು. ನಿಮ್ಮ ವಾರದ ರಜೆಯ ದಿನ ಯಾರನ್ನೂ ಕೇಳದೆ ಹಾಕಿಬಿಟ್ಟೆ. ರಸ ನಿಜಕ್ಕೂ ಹೆಚ್ಚು ಕಾಯಿತು. ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದರು. ಹಬೆಯನ್ನು ಸರಿಹೊಂದಿಸಿದೆ ಅಷ್ಟೇ ಎಂದು ಹೇಳಿ ಉಬ್ಬಿದೆ. ಪಟ್ಟಿಯ ವಿಷಯ — ರಸ ಎಷ್ಟು ಹೆಚ್ಚು ಕಾಯುತ್ತದೆಂಬ ಪೂರ್ತಿ ಅಂಕಿ ಸಿಕ್ಕ ಮೇಲೆ ಹೇಳೋಣವೆಂದು... ಹೇಳಲಿಲ್ಲ.

ಪಟ್ಟಿಗಳ ಸಂದಿಯಲ್ಲಿ ಮಡ್ಡಿ ಕಟ್ಟುತ್ತದೆಂದು ನನಗೆ ಹೊಳೆಯಲೇ ಇಲ್ಲ. ಎಂಟೇ ದಿನಕ್ಕೆ ಒತ್ತಡ ಏರಿತು, ತೊಳೆಯಲು ಯಂತ್ರ ನಿಲ್ಲಿಸಿದರು. ನೀವು ಕೆಳಗಿನ ನಲ್ಲಿ ಬಿಟ್ಟು, ಕೊನೆಯ ಹನಿ ಬಸಿಯುವವರೆಗೆ ಕಾದಿರಿ. ಯಾವಾಗಲೂ ಹಾಗೇ ಕಾಯುತ್ತಿದ್ದಿರಿ. ಬಂದ ರಸ ಕಡಿಮೆ ಎನಿಸಿರಬೇಕು. ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದು ನನ್ನತ್ತ ತಿರುಗಿದಿರಿ.

"ಒಳಗ ಏನರ ಹೊಸಾದು ಹಾಕೀರೇನ್ರಿ, ಸಾಹೇಬ್ರ?"

ಮ್ಯಾನೇಜರು ಆಗಷ್ಟೇ ಬಂದು ಪಕ್ಕದಲ್ಲೇ ನಿಂತಿದ್ದರು.

"ಏನೂ ಇಲ್ಲ ಕಾಕಾ, ಬಿಚ್ಚ್ರಿ."

ನನ್ನ ಮಾತು ನಂಬಿ ಮುಚ್ಚಳ ಬಿಚ್ಚಿದಿರಿ. ಮಡ್ಡಿಯ ಹಿಂದೆ ಸಿಕ್ಕಿಕೊಂಡಿದ್ದ ಕುದಿಯುವ ರಸ ನಿಮ್ಮ ಮುಖಕ್ಕೆ —

ನಿಮ್ಮನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದವನು ನಾನು. ಮರಳಿ ಬಂದು, ಯಾರೂ ಇಲ್ಲದಾಗ ಪಟ್ಟಿಗಳನ್ನು ಎಳೆದು ಗುಜರಿಯಲ್ಲಿ ಸೇರಿಸಿದವನೂ ನಾನೇ. ರಸ ಬಸಿಯುವ ಮೊದಲೇ ಫಿಟ್ಟರ್ ಮುಚ್ಚಳ ಬಿಚ್ಚಿದ ಎಂದು ವರದಿ ಬರೆದು ಸಹಿ ಹಾಕಿದೆ. ನಿಮ್ಮ ಎರಡೂ ಕಣ್ಣು ಹೋದವು; ಕೆಲಸವೂ ಹೋಯಿತು.

ಕಳೆದ ವಾರ ದೇವರ ಹಿಪ್ಪರಗಿಯ ನಿಮ್ಮ ಮನೆಗೆ ಬಂದದ್ದು ಇದನ್ನು ಹೇಳಲೆಂದೇ. ದನಿ ಕೇಳಿಯೇ ಗುರುತು ಹಿಡಿದಿರಿ, "ಬರ್ರಿ ಸಾಹೇಬ್ರ" ಎಂದು ಕೈ ಚಾಚಿದಿರಿ. ಮಗಳನ್ನು ಕರೆದು ಹೇಳಿದಿರಿ: "ನಾನ ಗಡಿಬಿಡಿ ಮಾಡಿ ಕಣ್ಣ ಕಳಕೊಂಡೆ. ಈ ಸಾಹೇಬ್ರು ಇದ್ರು ಅಂತ ಜೀವ ಉಳೀತು ನೋಡ, ಶಬಾನಾ."

ನೀವೂ ಅದನ್ನೇ ನಂಬಿದ್ದಿರಿ! ನನ್ನ ಸುಳ್ಳನ್ನು ನಿಮ್ಮ ತಪ್ಪೆಂದು ಇಷ್ಟು ವರ್ಷ ಹೊತ್ತುಕೊಂಡಿದ್ದಿರಿ. ಚಹಾ ಕುಡಿದು, ಹೇಡಿಯಂತೆ ಬಸ್ಸು ಹತ್ತಿದೆ.

ಶಬಾನಾ ತಂಗಿ, ಈ ಪತ್ರವನ್ನು ಅವರಿಗೆ ಓದಿ ಹೇಳಬೇಕಾದವಳು ನೀನು — ಹಾಗಾಗಿ ನಿನಗೇ ಮೊದಲು ಗೊತ್ತಾಗುತ್ತಿದೆ. ಕಾರ್ಖಾನೆಯ ಮಾಲೀಕರಿಗೂ ಇದನ್ನೇ ಬರೆದು, ಸಹಿ ಹಾಕಿ ಕಳಿಸಿದ್ದೇನೆ. ಅಪ್ಪ ಬರಹೇಳಿದರೆ ಬರುತ್ತೇನೆ; ಬೇಡವೆಂದರೆ ಈ ಮುಖ ತೋರಿಸುವುದಿಲ್ಲ. ಕ್ಷಮೆ ಕೇಳುತ್ತಿಲ್ಲ. ಒಂದಕ್ಷರವನ್ನೂ ಬಿಡದೆ, ಅಕ್ಕಪಕ್ಕದ ಮನೆಯವರಿಗೂ ಕೇಳುವಂತೆ, ಜೋರಾಗಿ ಓದು.